ದೆವ್ವದ ಚಿತ್ರಕ್ಕೆ ಹೊರಟಿರಾ? ಜೇಬು ಜೋಪಾನ!

ತುಮಕೂರು ಬಸ್ ಸ್ಟ್ಯಾಂಡಿನ ಆಸುಪಾಸಿನ ಗೋಡೆಗಳ ಮೇಲೆ ದೆವ್ವಗಳಿಗೆ ಬರವಿಲ್ಲ. ಬಿಳಿ ಸೀರೆ, ಕೆದರಿದ ಕೂದಲು, ಬಾಯಂಚಿನಲ್ಲಿ ರಕ್ತ. ಕೆಳಗೆ ದಪ್ಪಕ್ಷರದಲ್ಲಿ 'ಸತ್ಯ ಘಟನೆ'. ನಿರ್ದೇಶಕನ ಹೆಸರು ಹುಡುಕಲು ಮಾತ್ರ ಭೂತಗನ್ನಡಿಯೇ ಬೇಕು!

ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿಲೋಮೀಟರ್, ಕುಣಿಗಲ್ಲಿನಿಂದ ಇನ್ನೂ ದೂರ. ಅಂಗಡಿ ಬೇಗ ಬಾಗಿಲು ಹಾಕಿ ಹೆಂಡತಿ ಮಕ್ಕಳೊಂದಿಗೆ ಬಂದವನಿಗೆ ಅರ್ಧ ದಿನದ ವ್ಯಾಪಾರ ಹೋಯಿತು, ಕೈಯಿಂದಲೂ ಖರ್ಚಾಯಿತು. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆ, ಸರಿ. ಟಾಕೀಸಿನವನು ಪುಕ್ಕಟೆ ಒಳಗೆ ಬಿಡುತ್ತಾನೆಯೇ? ಇಷ್ಟೆಲ್ಲ ಕೊಟ್ಟು ಎರಡು ಗಂಟೆ ಕಿರ್ರೆನ್ನುವ ಬಾಗಿಲನ್ನೇ ನೋಡಿ ಬರುವುದು ಯಾವ ಕರ್ಮ?

ಹಾಗಂತ ಕಾಸು ಕಡಿಮೆ ಹಾಕಿದ ಚಿತ್ರವೆಲ್ಲ ಕಳಪೆ ಎನ್ನುವಂತಿಲ್ಲ. 2013ರ '6-5=2' ನೋಡಿ. ಹೆಸರಾಂತ ತಾರೆಯರಿಲ್ಲ, ಕಾಡಿಗೆ ಚಾರಣ ಹೊರಟ ಗೆಳೆಯರು, ಕೈಯಲ್ಲೊಂದು ಕ್ಯಾಮೆರಾ, ಅಷ್ಟೆ. ಜನ ಮುಗಿಬಿದ್ದರು, ಮರುವರ್ಷ ಹಿಂದಿಯಲ್ಲೂ ತೆಗೆದರು. ಸಿಕ್ಕ ಕ್ಯಾಮೆರಾದೊಳಗಿನ ನಿಜ ದೃಶ್ಯ ಎಂದು ತೋರಿಸಿದ್ದು ಮಾತ್ರ ಕಟ್ಟುಕಥೆ. ಅಮೆರಿಕದವರು 1999ರಲ್ಲೇ 'ಬ್ಲೇರ್ ವಿಚ್' ಚಿತ್ರಕ್ಕೆ ಇದೇ ಮಂತ್ರ ಹಾಕಿದ್ದರು. ಆದ್ದರಿಂದ 'ಸತ್ಯ ಘಟನೆ' ಎಂಬ ಬೋರ್ಡು ನೋಡಿ ಟಿಕೆಟ್ ಕೊಳ್ಳಬೇಕಿಲ್ಲ.

1979ರ 'ನಾ ನಿನ್ನ ಬಿಡಲಾರೆ' ಕಾಲಕ್ಕೆ ಗ್ರಾಫಿಕ್ಸ್ ಎಲ್ಲಿತ್ತು? ದೆವ್ವ ಮೈಮೇಲೆ ಬಂದವನಾಗಿ ಅನಂತ್ ನಾಗ್ ಕಣ್ಣು ತಿರುಗಿಸಿದ್ದೇ ಸಾಕಾಯಿತು. ಹಿಂದಿಯ ರಾಮ್ಸೆ ಸಹೋದರರು 1972ರ 'ದೋ ಗಜ್ ಜಮೀನ್ ಕೇ ನೀಚೆ'ಯಿಂದ ಅಗ್ಗದ ದೆವ್ವಗಳಿಗೆ ಗಿರಾಕಿ ಕಟ್ಟಿದರು. 1984ರ 'ಪುರಾನಾ ಮಂದಿರ್' ಒಳ್ಳೇ ದುಡ್ಡು ಬಾಚಿತು. ಅದನ್ನು ಕಂಡು ಹಿಂದೆ ಬಿದ್ದವರಿಗೆ ಹಳೇ ಬಂಗಲೆ ಸಿಕ್ಕಿತು, ಕಥೆ ಸಿಗಲಿಲ್ಲ.

ಕಥೆಗೇನು ಬರವೇ? 1990ರ ದಶಕದಲ್ಲಿ ಕರ್ನಾಟಕದಲ್ಲಿ ಮನೆಬಾಗಿಲಿಗೆ 'ನಾಳೆ ಬಾ' ಎಂದು ಬರೆದದ್ದು ಎಷ್ಟು ಜನಕ್ಕೆ ನೆನಪಿದೆ! ಆ ಸುದ್ದಿಯ ಎಳೆ ಹಿಡಿದು 2018ರಲ್ಲಿ ಹಿಂದಿಯವರು 'ಸ್ತ್ರೀ' ಮಾಡಿ ಗೆದ್ದರು. ನಮ್ಮ ಬಾಗಿಲು, ಅವರ ಗಲ್ಲಾಪೆಟ್ಟಿಗೆ.

ಮೋಸ ಹೋಗದಿರಲು ಪುಕ್ಕಟೆ ಉಪಾಯವೊಂದಿದೆ. ಬಸ್ಸಿನಲ್ಲಿ ಕೂತೇ ಮೊಬೈಲಿನಲ್ಲಿ ಟ್ರೇಲರ್ ಹಾಕಿ, ಸೌಂಡ್ ಪೂರ್ತಿ ಬಂದ್ ಮಾಡಿ ನೋಡಿ. ಆಗಲೂ ಎದೆ ಝಲ್ಲೆಂದರೆ ಸರಕು ಇದೆ ಎಂದರ್ಥ. ನಗು ಬಂದರೆ, ಹೆದರಿಸುತ್ತಿದ್ದವನು ದೆವ್ವವಲ್ಲ, ಡೋಲು ಬಡಿಯುವವನು! ಶುಕ್ರವಾರ ಟಾಕೀಸಿನ ಮುಂದೆ 'ಸೂಪರ್' ಎಂದು ಕೂಗುವವರಲ್ಲಿ ಚಿತ್ರತಂಡದ ಗೆಳೆಯರೆಷ್ಟೋ, ನೆಂಟರೆಷ್ಟೋ. ಸೋಮವಾರದ ತನಕ ತಡೆದು, ದುಡ್ಡು ಕೊಟ್ಟು ನೋಡಿ ಬಂದವರನ್ನು ಟೀ ಅಂಗಡಿಯಲ್ಲಿ ವಿಚಾರಿಸಿ.

ಮಕ್ಕಳಿದ್ದರೆ ಪೋಸ್ಟರಿನ ಮೂಲೆಯ ಸರ್ಟಿಫಿಕೇಟ್ ಗುರುತು ನೋಡುವುದು ಮರೆಯಬೇಡಿ. 'ಎ' ಇದ್ದರೆ 18 ತುಂಬದವರಿಗೆ ಪ್ರವೇಶವಿಲ್ಲ. ಕುಣಿಗಲ್ಲಿನಿಂದ ಬಂದು ಗೇಟಿನಲ್ಲಿ ವಾಪಸಾಗಬೇಕಾದೀತು. 2024ರಿಂದ 'ಯು/ಎ'ಯಲ್ಲೂ 7, 13, 16 ಎಂದು ವಯಸ್ಸಿನ ಅಂದಾಜು ಹಾಕುತ್ತಾರೆ.

ಗುಬ್ಬಿಯವರಿಗಂತೂ ಇದನ್ನೆಲ್ಲ ಹೇಳಿಕೊಡಬೇಕೇ? 1884ರಲ್ಲಿ ನಾಟಕ ಕಂಪನಿ ಹುಟ್ಟಿದ ಊರು. ವೀರಣ್ಣನವರ 'ಕುರುಕ್ಷೇತ್ರ'ದಲ್ಲಿ ನಿಜವಾದ ಆನೆ, ಕುದುರೆಗಳೇ ರಂಗಕ್ಕೆ ಬಂದವು. ಅಂಥವರ ಮುಂದೆ ಟೇಬಲ್ ಫ್ಯಾನಿನಲ್ಲಿ ಸೀರೆ ಹಾರಿಸಿ ಮೋಹಿನಿ ಎಂದರೆ ನಂಬುವವರು ಯಾರು?