ಮಗು ನೋಡುವ ಮೊದಲ ಚಿತ್ರಪುಸ್ತಕ: ಕಲಘಟಗಿಯ ಬಣ್ಣದ ತೊಟ್ಟಿಲು

ಅಂಕೋಲಾದಿಂದ ಘಟ್ಟ ಹತ್ತಿ, ಯಲ್ಲಾಪುರ ದಾಟಿ ಹುಬ್ಬಳ್ಳಿಗೆ ವ್ಯಾಪಾರಕ್ಕೆ ಹೋಗುವ ನಮ್ಮ ಕರಾವಳಿಯವರಿಗೆ ದೇವಿಕೊಪ್ಪ ಅಂದರೆ ದಾರಿಯಲ್ಲಿ ಸಿಗುವ ಒಂದು ಊರು, ಸುತ್ತ ಒಂದಿಷ್ಟು ಕಾಡು, ಅಷ್ಟೇ. ಅಲ್ಲಿಂದ ಸ್ವಲ್ಪ ಮುಂದೆ ಹೋದರೆ ತಾಲೂಕು ಕೇಂದ್ರ ಕಲಘಟಗಿ. ಧಾರವಾಡ ಸೀಮೆಯಲ್ಲಿ ಈ ಊರಿನ ಹೆಸರು ಹೇಳಿ ನೋಡಿ, ಎದುರಿನವರು 'ತೊಟ್ಟಿಲಿನ ಊರಾ?' ಅಂತ ಕೇಳುತ್ತಾರೆ. ನಾವು ಎಷ್ಟೋ ಸಲ ಆ ದಾರಿಯಲ್ಲಿ ಓಡಾಡಿದ್ದೇವೆ, ಇಳಿದು ನೋಡಿದವರು ಕಡಿಮೆ.

ಕಲಘಟಗಿಯ ತೊಟ್ಟಿಲು ಸಾಗುವಾನಿ ಮರದ್ದು. ಅದರ ನಾಲ್ಕೂ ಬದಿಯ ಹಲಗೆಗಳ ಮೇಲೆ ಚಿತ್ರಗಳು. ಕೃಷ್ಣನ ಬಾಲಲೀಲೆ, ರಾಮಾಯಣದ ಪ್ರಸಂಗ, ದಶಾವತಾರ, ಅವುಗಳ ಸುತ್ತ ಬಳ್ಳಿ, ಹೂವು, ಹಕ್ಕಿ. ಅಕ್ಷರ ಬಾರದ ಅಜ್ಜಿಯೂ ತೊಟ್ಟಿಲು ತೂಗುತ್ತಾ ಒಂದೊಂದೇ ಚಿತ್ರ ತೋರಿಸಿ ಕಥೆ ಹೇಳಬಹುದು. ಮಗು ನೋಡುವ ಮೊದಲ ಚಿತ್ರಪುಸ್ತಕ ಇದು ಅಂದರೆ ತಪ್ಪಾಗಲಿಕ್ಕಿಲ್ಲ.

ಇದರ ಬಣ್ಣಕ್ಕೆ ಆಧಾರ ಅರಗು. ಮುತ್ತುಗ, ಬೋರೆಯಂಥ ಮರಗಳ ಕೊಂಬೆಯಲ್ಲಿ ಕೂರುವ ಸಣ್ಣ ಹುಳ ಒಸರುವ ಅಂಟು ಅದು. ಮರ ಕಾಡಿನದ್ದು, ಬಣ್ಣವೂ ಕಾಡಿನದ್ದೇ. ಅರಗಿನ ಬಣ್ಣ ಸುಲಭಕ್ಕೆ ಮಾಸುವುದಿಲ್ಲ. ಅಜ್ಜ ಮಲಗಿದ ತೊಟ್ಟಿಲಲ್ಲಿ ಮೊಮ್ಮಗ ಮಲಗುವುದು ಅಲ್ಲಿ ಆಶ್ಚರ್ಯದ ಮಾತಲ್ಲ.

ಅರಗಿನ ಕೆಲಸ ನಮ್ಮ ಸಮುದಾಯಕ್ಕೂ ಹೊರಗಿನದ್ದಲ್ಲ. ಚನ್ನಪಟ್ಟಣದ ಗೊಂಬೆ ಮಾಡುವವರಲ್ಲಿ ಮುಸ್ಲಿಂ ಕುಟುಂಬಗಳು ಬಹಳ. ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದ ಎಂಬ ಮಾತು ಅಲ್ಲಿದೆ. ಬಾವಾಸ್ ಮಿಯಾನ್ ಆ ಕಸುಬನ್ನು ಬೆಳೆಸಿದವರೆಂದು ಇಂದಿಗೂ ನೆನೆಯುತ್ತಾರೆ. ಅಲ್ಲಿ ಆಲೆಮರವನ್ನು ಯಂತ್ರಕ್ಕೆ ಕೊಟ್ಟು ತಿರುಗಿಸಿ, ಆ ಬಿಸಿಗೆ ಅರಗು ಕರಗಿಸಿ, ಕೇದಗೆ ಎಲೆಯಿಂದ ಉಜ್ಜಿ ಹೊಳಪು ತರುತ್ತಾರೆ. ಕಲಘಟಗಿಯಲ್ಲಿ ಚಿತ್ರಗಾರರು ಕುಂಚ ಹಿಡಿದು ಕಥೆ ಬರೆಯುತ್ತಾರೆ. ದಾರಿ ಬೇರೆಯಾದರೂ ಎರಡು ಕಡೆಯೂ ಕೆಲಸ ಮಕ್ಕಳಿಗಾಗಿ.

ಚೊಚ್ಚಲ ಹೆರಿಗೆಗೆ ಮಗಳು ತಾಯಿ ಮನೆಗೆ ಬರುವುದು ನಮ್ಮಲ್ಲಿದೆ, ಅಲ್ಲಿಯೂ ಇದೆ. ಅಲ್ಲಿ ಮಗು ಗಂಡನ ಮನೆಗೆ ಹೋಗುವಾಗ ತವರಿನ ಉಡುಗೊರೆಯಾಗಿ ತೊಟ್ಟಿಲೂ ಹೋಗುತ್ತದೆ. ನಟ ಅಂಬರೀಶ್ 2018ರಲ್ಲಿ ತೀರಿಕೊಳ್ಳುವ ಮೊದಲು ಯಶ್–ರಾಧಿಕಾ ದಂಪತಿಯ ಮಗುವಿಗೆಂದು ಕಲಘಟಗಿಯ ತೊಟ್ಟಿಲಿಗೇ ಹೇಳಿಟ್ಟಿದ್ದರು. ಆ ಸುದ್ದಿಯಿಂದ ರಾಜ್ಯದ ಉದ್ದಗಲಕ್ಕೂ ಈ ಹೆಸರು ತಲುಪಿತು.

ಹೆಸರು ತಲುಪಿದರೆ ಸಾಲದಲ್ಲ. ಒಂದು ತೊಟ್ಟಿಲಿಗೆ ವಾರಗಟ್ಟಲೆ ಕೆಲಸ, ಸಾಗುವಾನಿ ಸಿಗುವುದೂ ಕಷ್ಟ, ಬೆಲೆಯೂ ಮೇಲೆ. ಪೇಟೆಯಲ್ಲಿ ಕಬ್ಬಿಣದ್ದು, ಪ್ಲಾಸ್ಟಿಕ್‌ನದ್ದು ಕಡಿಮೆಗೆ ಸಿಗುವಾಗ ಹೆಚ್ಚಿನವರು ಅದನ್ನೇ ಒಯ್ಯುತ್ತಾರೆ. ಈಗ ಈ ಕಸುಬು ಉಳಿಸಿಕೊಂಡ ಮನೆಗಳು ಬೆರಳೆಣಿಕೆ. ಚಿತ್ರಗಾರನ ಮಗ ಕುಂಚ ಕೆಳಗಿಟ್ಟು ಬೇರೆ ಕೆಲಸಕ್ಕೆ ಹೋದರೆ ಅವನನ್ನು ದೂರುವುದು ಹೇಗೆ? ಕೊಳ್ಳುವವರಿದ್ದರೆ ತಾನೇ ಬರೆಯುವವರು ಉಳಿಯುವುದು.

ಇಲ್ಲಿ ನಮ್ಮ ಪಾಲೂ ಇದೆ ಅನ್ನಿಸುತ್ತದೆ. ತೊಟ್ಟಿಲು ಮಾಡುವುದು ಕೇಳಿದವರ ಇಷ್ಟದಂತೆ. ಆಕೃತಿಗಳು ಬೇಡ ಅನ್ನುವ ಮನೆಯವರು ಬಳ್ಳಿ, ಹೂವು, ಚಂದ್ರನನ್ನು ಬರೆಸಬಹುದು. ಕಥೆ ಬೇಕು ಅನ್ನುವವರಿಗೆ ನಮ್ಮ ಅಜ್ಜಿಯರು ಬ್ಯಾರಿ ಭಾಷೆಯಲ್ಲಿ ಹೇಳಿದ ಕಥೆಗಳಿಲ್ಲವೇ? 2009ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಆರಂಭವಾದ ಮೇಲೆ ನಮ್ಮ ಭಾಷೆಯ ಪುಸ್ತಕಗಳು ಹೆಚ್ಚಿವೆ. ಆದರೆ ನಮ್ಮ ಕಡಲು, ದೋಣಿ, ತೆಂಗಿನ ತೋಟ ಚಿತ್ರವಾಗಿ ಮಗುವಿನ ಕಣ್ಣಿಗೆ ಬಿದ್ದದ್ದು ಕಡಿಮೆ.

ಒಬ್ಬರಿಗೆ ಬೆಲೆ ಭಾರವಾದರೆ ಅಣ್ಣ ತಮ್ಮಂದಿರು ಸೇರಿ ಒಂದು ಮಾಡಿಸಲಿ. ಕುಟುಂಬದಲ್ಲಿ ಮಗು ಹುಟ್ಟಿದ ಮನೆಗೆಲ್ಲ ಅದೇ ತೊಟ್ಟಿಲು ಹೋಗಿ ಬರಲಿ. ತಲೆಮಾರು ಬಾಳುವ ವಸ್ತು ಅದು, ಹತ್ತಾರು ಮಕ್ಕಳನ್ನು ತೂಗಲು ಅದಕ್ಕೇನೂ ಕಷ್ಟವಿಲ್ಲ. ಮುಂದಿನ ಸಲ ದೇವಿಕೊಪ್ಪದ ಕಾಡು ದಾಟುವಾಗ ಕಲಘಟಗಿಯಲ್ಲಿ ಗಾಡಿ ನಿಲ್ಲಿಸಿ, ಚಿತ್ರಗಾರರ ಮನೆ ಯಾವುದು ಅಂತ ಕೇಳಿ. ಕೆಲಸ ನೋಡಿ ಬನ್ನಿ, ಮನಸ್ಸಾದರೆ ಮುಂಗಡ ಕೊಟ್ಟು ಬನ್ನಿ.