ನಿಮಗಿದು ಗೊತ್ತೇ? – ಪ್ರೊಬೇಷನ್ ಆಫೀಸರ್ ಮನಸ್ಸಿನ ಲೆಕ್ಕ

● ಕರ್ಣಾಟಕ ಬ್ಯಾಂಕ್ (1924), ವಿಜಯಾ ಬ್ಯಾಂಕ್ (1931) ಹುಟ್ಟಿದ ಮಂಗಳೂರಿನಲ್ಲಿ 'ಪಿ.ಒ.' ಅಂದರೆ ಬ್ಯಾಂಕ್ ಕೆಲಸವೆಂದೇ ಲೆಕ್ಕ. ಬೊಂದೇಲ್‌ನ 'ರಿಮ್ಯಾಂಡ್ ಹೋಮ್' – ಅಪರಾಧದ ಆರೋಪ ಹೊತ್ತ ಹುಡುಗರನ್ನು ಇರಿಸುವ ತಾಣ – ಊರಿಗೆಲ್ಲ ಗೊತ್ತು. ಅಲ್ಲಿಗೆ ಬರುವ ಹುಡುಗರ ಮನೆಮನೆಗೆ ಹೋಗುವ ಇನ್ನೊಬ್ಬ ಪಿ.ಒ., ಅಂದರೆ ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್), ಯಾರಿಗೂ ಗೊತ್ತಿಲ್ಲ.

● ಈ ಕೆಲಸ ಜಗತ್ತಿನಲ್ಲಿ ಶುರುವಾದದ್ದು ಬೂಟಿನ ಅಂಗಡಿಯಿಂದ! 1841ರಲ್ಲಿ ಬಾಸ್ಟನ್ನಿನ ಬೂಟು ಹೊಲಿಯುವ ಜಾನ್ ಅಗಸ್ಟಸ್ ಒಬ್ಬ ಕುಡುಕನಿಗೆ ಜಾಮೀನು ನಿಂತ. 1859ರಲ್ಲಿ ಸಾಯುವ ಹೊತ್ತಿಗೆ ಆತ ಹಾಗೆ ಬಿಡಿಸಿದವರು ಸುಮಾರು ಎರಡು ಸಾವಿರ. ಸಂಬಳ ಸೊನ್ನೆ.

● ಮಂಗಳೂರು ಮದ್ರಾಸ್ ಪ್ರಾಂತ್ಯದಲ್ಲಿದ್ದಾಗಲೇ, 1936ರ ಮದ್ರಾಸ್ ಕಾಯ್ದೆಯ ಮೂಲಕ ಪ್ರೊಬೇಷನ್ (ತಪ್ಪಿತಸ್ಥರನ್ನು ಜೈಲಿಗೆ ಕಳಿಸದೆ ನಿಗಾದಲ್ಲಿ ಬಿಡುವುದು) ಇತ್ತ ಬಂತು. ದೇಶಕ್ಕೆಲ್ಲ ಒಂದೇ ಕಾಯ್ದೆ ಆದದ್ದು 1958ರಲ್ಲಿ. ಅದರ ಪ್ರಕಾರ 21 ವರ್ಷದೊಳಗಿನವರನ್ನು ಜೈಲಿಗೆ ಕಳಿಸಬೇಕೋ ಬೇಡವೋ ಎಂದು ತೀರ್ಮಾನಿಸುವಾಗ ನ್ಯಾಯಾಲಯ ಈ ಅಧಿಕಾರಿಯ ವರದಿ ತರಿಸಿಕೊಳ್ಳಬೇಕು.

● ಹಾಗಾದರೆ ಪೆರೋಲ್ ಅಧಿಕಾರಿ? ಸಿನಿಮಾದಲ್ಲಿ ಕಾಣುವಂಥವರು ನಮ್ಮಲ್ಲಿಲ್ಲ. ಪೆರೋಲ್ (ಶಿಕ್ಷೆಯ ನಡುವೆ ತಾತ್ಕಾಲಿಕ ಬಿಡುಗಡೆ) ಕಾರಾಗೃಹ ಇಲಾಖೆಯ ಕೆಲಸ. ಹೊರಬಂದ ಕೈದಿ ಸಾಮಾನ್ಯವಾಗಿ ಸಹಿ ಹಾಕುವುದು ಊರಿನ ಠಾಣೆಯಲ್ಲಿ.

● ಮಕ್ಕಳ ಪ್ರಕರಣಗಳಿಗೆಂದೇ ಇರುವ ಬಾಲನ್ಯಾಯ ನಿಯಮಗಳಲ್ಲಿ (2016) 'ನಮೂನೆ 6' ಎಂಬುದೊಂದಿದೆ: ಸಾಮಾಜಿಕ ತನಿಖಾ ವರದಿ. ಹುಡುಗನನ್ನು ಬಾಲನ್ಯಾಯ ಮಂಡಳಿಯ ಮುಂದೆ ಮೊದಲು ಹಾಜರುಪಡಿಸಿದ ದಿನದಿಂದ 15 ದಿನದೊಳಗೆ ಪರಿವೀಕ್ಷಣಾಧಿಕಾರಿ ಇದನ್ನು ಕೊಡಬೇಕು. ಅಪ್ಪ-ಅಮ್ಮನ ಸಂಬಂಧ ಹೇಗಿದೆ, ಶಾಲೆ ಏಕೆ ಬಿಟ್ಟ, ಗೆಳೆಯರಿಗೆ ಚಟವಿದೆಯೇ, ಯಾರಾದರೂ ಮಾದಕವಸ್ತು ಸಾಗಿಸಲು ಬಳಸಿಕೊಂಡರೇ, ಮೈಮೇಲೆ ಕೈ ಹಾಕಿದ್ದಾರೆಯೇ – ಒಂದೊಂದೂ ಒಂದು ಕಾಲಂ. ತುಳುವಿನಲ್ಲೋ ಬ್ಯಾರಿಯಲ್ಲೋ ತಾಯಿ ಅತ್ತುಕೊಂಡು ಹೇಳಿದ್ದನ್ನು ಕಚೇರಿ ಭಾಷೆಗೆ ಇಳಿಸುವಾಗ ಅಧಿಕಾರಿ ಅದನ್ನು ಎರಡನೇ ಸಲ ಕೇಳಿದಂತೆಯೇ. ಮಂಡಳಿ ಅಂತಿಮ ಆದೇಶ ಮಾಡುವಾಗ ಈ ವರದಿಯನ್ನು ನೋಡಲೇಬೇಕು. ಹಾಗಾಗಿ 'ನಾನು ಒಂದು ಮಾತು ತಪ್ಪಿ ಬರೆದರೆ?' ಎಂಬ ದಿಗಿಲು ಬೇರೆ.

● ಇದನ್ನೆಲ್ಲ ಮನೆಗೆ ಹೋಗಿ ಹೇಳಿಕೊಂಡು ಹಗುರಾಗುವಂತೆಯೂ ಇಲ್ಲ! ವರದಿ ಗೋಪ್ಯ. ಮಗುವಿನ ಗುರುತು ಪ್ರಕಟಿಸಿದರೆ ಆರು ತಿಂಗಳವರೆಗೆ ಜೈಲು, 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮಗುವಿನ ಹಿತಕ್ಕೆ ಇದು ಸರಿಯೇ. ಕೇಳಿಸಿಕೊಂಡವರ ಹಿತಕ್ಕೆ ಏನು ಎಂದು ಕಾಯ್ದೆ ಯೋಚಿಸಿದ ಹಾಗಿಲ್ಲ.

● ಬೇರೆಯವರ ನೋವು ಕೇಳಿ ಕೇಳಿ ತನಗೇ ಕೆಟ್ಟ ಕನಸು, ಸಿಡುಕು, ನಿದ್ರೆಗೇಡು ಬರುವುದಕ್ಕೆ ಮನೋವಿಜ್ಞಾನಿಗಳು 'ದ್ವಿತೀಯಕ ಆಘಾತ' ಎನ್ನುತ್ತಾರೆ. ತಾವು ನೋಡಿಕೊಳ್ಳುತ್ತಿದ್ದವರು ಆತ್ಮಹತ್ಯೆ ಮಾಡಿಕೊಂಡಾಗ, ಮತ್ತೆ ಯಾರಿಗೋ ಹಿಂಸೆ ಕೊಟ್ಟಾಗ ಈ ಲಕ್ಷಣ ಹೆಚ್ಚುತ್ತದೆಂದು ಅಮೆರಿಕದ ಪ್ರೊಬೇಷನ್ ಅಧಿಕಾರಿಗಳ ಮೇಲೆ ನಡೆದ 2013ರ ಅಧ್ಯಯನ ತೋರಿಸಿತು. ಕೆಲಸದ ಒತ್ತಡದಿಂದ ಬರುವ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ ರೋಗವೆಂದು ಕರೆಯುವುದಿಲ್ಲ. 'ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ' ಎನ್ನುತ್ತದೆ (2019).

● ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ 'ಮಿಷನ್ ವಾತ್ಸಲ್ಯ'ದ ಪ್ರಕಾರ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕಾನೂನು-ಪರಿವೀಕ್ಷಣಾಧಿಕಾರಿ ಹುದ್ದೆ ಒಂದೇ. ದಕ್ಷಿಣ ಕನ್ನಡದ ಜನಸಂಖ್ಯೆ 2011ರಲ್ಲೇ 20.89 ಲಕ್ಷ. ಘಟಕದಲ್ಲಿ ಆಪ್ತಸಮಾಲೋಚಕರ ಹುದ್ದೆಯೂ ಇದೆ. ಆದರೆ ಅದು ಮಕ್ಕಳಿಗೆ!

● ಮಂಗಳೂರಿನ ವೆಲೆನ್ಸಿಯಾದ ರೋಶನಿ ನಿಲಯ (1960) ಸಮಾಜಕಾರ್ಯ, ಅಪರಾಧಶಾಸ್ತ್ರ ಎರಡನ್ನೂ ಕಲಿಸುವ ಕಾಲೇಜು. ಸಮಾಜಕಾರ್ಯ ಓದುವವರಿಗೆ ಸಾಮಾನ್ಯವಾಗಿ ಕ್ಷೇತ್ರಕಾರ್ಯದ ಜತೆಗೆ 'ಐಸಿ' (ಇಂಡಿವಿಜುವಲ್ ಕಾನ್ಫರೆನ್ಸ್) ಇರುತ್ತದೆ: ಗುರುಗಳೆದುರು ಒಬ್ಬರೇ ಕೂತು, ಹೋದ ಮನೆಯಲ್ಲಿ ಕಂಡದ್ದು, ತನಗೆ ಕಷ್ಟವೆನಿಸಿದ್ದು ಎಲ್ಲ ಹೇಳಿಕೊಳ್ಳುವ ಹೊತ್ತು. ವಿದ್ಯಾರ್ಥಿಗೆ ಕಡ್ಡಾಯವಾದದ್ದು ಕೆಲಸಕ್ಕೆ ಸೇರಿದ ಮೇಲೆ ಕಡ್ಡಾಯವಲ್ಲ. ಹೊಸ ಹುದ್ದೆ ಬೇಡ, ಕಟ್ಟಡ ಬೇಡ. ಅನುಭವಸ್ಥರೊಬ್ಬರ ಒಂದು ಗಂಟೆ ಸಾಕಿತ್ತು.

● ಸದ್ಯಕ್ಕೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಇದೆ: 14416. 2022ರ ಅಕ್ಟೋಬರ್ 10ರಂದು ಶುರುವಾಯಿತು, ನಿಮ್ಹಾನ್ಸ್ ಉಸ್ತುವಾರಿ, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಗುವಿನ ಹೆಸರು, ಊರು ಎತ್ತದೆ ತನ್ನ ನಿದ್ರೆ ಕೆಟ್ಟದ್ದನ್ನು ಹೇಳಿಕೊಳ್ಳಲು ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ.