ಅಧಿಕ ರಕ್ತದೊತ್ತಡ ಮತ್ತು ಉಪ್ಪಿನ ಮಿತಿ: ಮನೆಯ ಅಡುಗೆ ಹಾಗೂ ಹೊರಗಿನ ಊಟದಲ್ಲಿ ಅನುಸರಿಸಬೇಕಾದ ಕ್ರಮಗಳು

ಮಹದೇವಪುರ, ಹೂಡಿ, ಗರುಡಾಚಾರ್‌ಪಾಳ್ಯ, ದೊಡ್ಡನೆಕ್ಕುಂದಿ, ಕುಂದಲಹಳ್ಳಿ ಹಾಗೂ ವೈಟ್‌ಫೀಲ್ಡ್ ಪ್ರದೇಶಗಳಲ್ಲಿ ಕಾರ್ಖಾನೆ ಮತ್ತು ಮಾಹಿತಿ ತಂತ್ರಜ್ಞಾನ ಸಂಸ್ಥೆಗಳ ನೌಕರರು ಅಧಿಕ ಸಂಖ್ಯೆಯಲ್ಲಿ ವಾಸವಾಗಿರುತ್ತಾರೆ. ಇವರಲ್ಲಿ ಅನೇಕರು ದಿನದ ಒಂದು ಹೊತ್ತಿನ ಆಹಾರವನ್ನಾದರೂ ಕ್ಯಾಂಟೀನ್, ದರ್ಶಿನಿ, ಮೆಸ್ ಅಥವಾ ಪಿ.ಜಿ.ಗಳಲ್ಲಿ ಸೇವಿಸುತ್ತಾರೆ. ಉಪ್ಪು ಕಡಿಮೆ ಮಾಡುವಂತೆ ವೈದ್ಯರು ಸೂಚಿಸಿದಾಗ, ಎಷ್ಟು ಕಡಿಮೆ ಮಾಡಬೇಕು ಮತ್ತು ಹೇಗೆ ಎಂಬ ಬಗ್ಗೆ ಸ್ಪಷ್ಟತೆ ಇರುವುದಿಲ್ಲ. ಆದ್ದರಿಂದ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಉಪ್ಪನ್ನು ಮಿತಗೊಳಿಸುವುದು ಏಕೆ?

ಉಪ್ಪಿನಲ್ಲಿರುವ ಸೋಡಿಯಂ ಅಂಶವು ದೇಹದಲ್ಲಿ ನೀರನ್ನು ಹಿಡಿದಿಟ್ಟು ರಕ್ತದೊತ್ತಡವನ್ನು ಹೆಚ್ಚಿಸುತ್ತದೆ. ಅಧಿಕ ರಕ್ತದೊತ್ತಡವು ಬಹುತೇಕ ಸಂದರ್ಭಗಳಲ್ಲಿ ಯಾವುದೇ ಲಕ್ಷಣ ತೋರುವುದಿಲ್ಲ. ತಲೆನೋವು, ತಲೆಸುತ್ತು ಇಲ್ಲವೆಂಬ ಕಾರಣಕ್ಕೆ ನಿರ್ಲಕ್ಷಿಸಿದಲ್ಲಿ ಪಾರ್ಶ್ವವಾಯು, ಹೃದಯಾಘಾತ ಅಥವಾ ಮೂತ್ರಪಿಂಡದ ವೈಫಲ್ಯ ಉಂಟಾಗಬಹುದು. ದುಡಿಯುವ ವ್ಯಕ್ತಿಗೆ ಹೀಗಾದಲ್ಲಿ ಇಡೀ ಕುಟುಂಬದ ಜೀವನಾಧಾರಕ್ಕೇ ಧಕ್ಕೆಯಾಗುತ್ತದೆ.

2. ದಿನದ ಮಿತಿ

ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ 2000 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ ಸೇವಿಸಬೇಕು. ಇದು ಸಮತಟ್ಟಾದ ಒಂದು ಟೀ ಚಮಚದಷ್ಟಾಗುತ್ತದೆ. ಮನೆಯ ಅಡುಗೆ, ಉಪ್ಪಿನಕಾಯಿ, ಹೋಟೆಲ್ ತಿಂಡಿ, ಪೊಟ್ಟಣದ ತಿನಿಸು ಎಲ್ಲವೂ ಈ ಮಿತಿಯೊಳಗೆ ಸೇರಿರುತ್ತವೆ.

3. ಮನೆಯ ಉಪ್ಪಿನ ಲೆಕ್ಕ

ಪ್ರತಿ ಹೊತ್ತಿನ ಉಪ್ಪನ್ನು ತೂಗುವುದು ಕಷ್ಟಸಾಧ್ಯ. ಬದಲಾಗಿ, ಉಪ್ಪಿನ ಪೊಟ್ಟಣವನ್ನು ಒಡೆದ ದಿನಾಂಕವನ್ನು ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿಕೊಳ್ಳಬಹುದು. ನಾಲ್ವರು ವಯಸ್ಕರಿರುವ ಕುಟುಂಬಕ್ಕೆ ದಿನಕ್ಕೆ 20 ಗ್ರಾಂನಂತೆ 1 ಕಿಲೋ ಉಪ್ಪು ಕನಿಷ್ಠ 50 ದಿನಗಳಿಗೆ ಬರಬೇಕು. ಒಂದು ತಿಂಗಳಿಗೇ ಮುಗಿದಲ್ಲಿ ತಲಾ ಬಳಕೆಯು ದಿನಕ್ಕೆ 8 ಗ್ರಾಂ ಮೀರಿದೆಯೆಂದು ತಿಳಿಯತಕ್ಕದ್ದು. ಹೊರಗೆ ತಿಂದ ಉಪ್ಪು ಈ ಲೆಕ್ಕದಲ್ಲಿ ಬರುವುದಿಲ್ಲವಾದ್ದರಿಂದ, ಮನೆಯವರಲ್ಲಿ ಕೆಲವರು ಹೊರಗೆ ಊಟ ಮಾಡುತ್ತಿದ್ದಲ್ಲಿ ಪೊಟ್ಟಣವು ಇನ್ನೂ ಹೆಚ್ಚು ದಿನ ಬರಬೇಕು. ಉಪ್ಪಿನಕಾಯಿ ಹಾಕಲು ಬಳಸಿದ ಉಪ್ಪನ್ನು ಪ್ರತ್ಯೇಕವಾಗಿ ಲೆಕ್ಕ ಮಾಡಬಹುದು.

4. ಮನೆಯ ಅಡುಗೆಯಲ್ಲಿ

ಅ) ಸಾರು, ಪಲ್ಯದಲ್ಲಿ ಉಪ್ಪು ಇರುವುದರಿಂದ ಅನ್ನ, ಮುದ್ದೆ, ಚಪಾತಿ ಹಿಟ್ಟಿಗೆ ಉಪ್ಪು ಹಾಕುವ ಅಗತ್ಯವಿಲ್ಲ.
ಆ) ಎಲೆಯ ತುದಿಗೆ ಉಪ್ಪು ಬಡಿಸುವ ಪದ್ಧತಿಯನ್ನು ಹಾಗೂ ಊಟದ ಮೇಜಿನ ಉಪ್ಪಿನ ಡಬ್ಬಿಯನ್ನು ಕೈಬಿಡುವುದು.
ಇ) ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ, ಒಣಮೀನುಗಳನ್ನು ಅಪರೂಪಕ್ಕೆ ಮಾತ್ರ ಬಳಸುವುದು.
ಈ) ಅಡುಗೆ ಸೋಡಾದಲ್ಲಿಯೂ ಸೋಡಿಯಂ ಇರುತ್ತದೆ. ಚೆನ್ನಾಗಿ ಹುದುಗಿದ ಇಡ್ಲಿ ಹಿಟ್ಟಿಗೆ ಅದರ ಅವಶ್ಯಕತೆ ಇರುವುದಿಲ್ಲ.
ಉ) ರುಚಿಗಾಗಿ ನಿಂಬೆರಸ, ಹುಣಸೆ, ಕಾಳುಮೆಣಸು, ಜೀರಿಗೆ, ಬೆಳ್ಳುಳ್ಳಿ ಒಗ್ಗರಣೆ, ಕೊತ್ತಂಬರಿ ಸೊಪ್ಪು ಬಳಸಬಹುದು. ಉಪ್ಪನ್ನು ಹಂತಹಂತವಾಗಿ ಇಳಿಸಿದಲ್ಲಿ ಕೆಲವೇ ವಾರಗಳಲ್ಲಿ ನಾಲಿಗೆಗೆ ರೂಢಿಯಾಗುತ್ತದೆ.

5. ಹೊರಗೆ ಊಟ ಮಾಡುವಾಗ

ಅ) ಸಾಂಬಾರಿನಲ್ಲಿ ಮುಳುಗಿಸಿದ ಇಡ್ಲಿ, ವಡೆಯ ಬದಲು ಸಾಂಬಾರನ್ನು ಬೇರೆ ಬಟ್ಟಲಿನಲ್ಲಿ ಪಡೆದು, ಬೇಕಾದಷ್ಟು ಮಾತ್ರ ಅದ್ದಿಕೊಳ್ಳುವುದು.
ಆ) ಊಟದಲ್ಲಿ ಉಪ್ಪಿನಕಾಯಿ, ಹಪ್ಪಳ ಬೇಡವೆಂದು ಮೊದಲೇ ತಿಳಿಸುವುದು.
ಇ) ಮಜ್ಜಿಗೆ, ನಿಂಬೆಹಣ್ಣಿನ ಪಾನಕ, ಕತ್ತರಿಸಿದ ಸೌತೆಕಾಯಿ ಹಾಗೂ ಹಣ್ಣುಗಳನ್ನು ಉಪ್ಪು ಹಾಕದಂತೆ ಕೇಳಿ ಪಡೆಯುವುದು.
ಈ) ಗೋಬಿ ಮಂಚೂರಿ, ನೂಡಲ್ಸ್‌ಗಳನ್ನು ಮಿತಗೊಳಿಸುವುದು. ಇವುಗಳಿಗೆ ಬಳಸುವ ಸೋಯಾ ಸಾಸ್‌ನ ಒಂದು ದೊಡ್ಡ ಚಮಚದಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಇದು ದಿನದ ಮಿತಿಯ ಅರ್ಧಕ್ಕೆ ಸಮೀಪ.
ಉ) ಮಧ್ಯಾಹ್ನ ಹೊರಗೆ ಉಂಡ ದಿನ ರಾತ್ರಿ ಮನೆಯಲ್ಲಿ ಉಪ್ಪು ಕಡಿಮೆ ಇರುವ ಆಹಾರ ಸೇವಿಸುವುದು.

6. ಪೊಟ್ಟಣದ ಆಹಾರ

ಆಹಾರ ಸುರಕ್ಷತೆಯ 2020ರ ಲೇಬಲಿಂಗ್ ವಿನಿಯಮಗಳನ್ವಯ ಪೊಟ್ಟಣದ ಪೌಷ್ಟಿಕಾಂಶ ಪಟ್ಟಿಯಲ್ಲಿ ಸೋಡಿಯಂ ಪ್ರಮಾಣವನ್ನು ನಮೂದಿಸಬೇಕಾಗಿರುತ್ತದೆ. ಸೋಡಿಯಂ ಅನ್ನು 2.5ರಿಂದ ಗುಣಿಸಿದಲ್ಲಿ ಉಪ್ಪಿನ ಪ್ರಮಾಣ ದೊರೆಯುತ್ತದೆ. ಉದಾಹರಣೆಗೆ, 100 ಗ್ರಾಂ ತಿನಿಸಿನಲ್ಲಿ 800 ಮಿಲಿಗ್ರಾಂ ಸೋಡಿಯಂ ಇದ್ದಲ್ಲಿ ಅದು 2 ಗ್ರಾಂ ಉಪ್ಪಿಗೆ ಸಮ.

7. ಎಚ್ಚರಿಕೆಗಳು

ಅ) ಕಲ್ಲುಪ್ಪು, ಸೈಂಧವ ಲವಣಗಳಲ್ಲಿಯೂ ಸೋಡಿಯಂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅಯೋಡಿನ್‌ಯುಕ್ತ ಉಪ್ಪನ್ನೇ ಕಡಿಮೆ ಪ್ರಮಾಣದಲ್ಲಿ ಬಳಸತಕ್ಕದ್ದು.
ಆ) ಕಡಿಮೆ ಸೋಡಿಯಂ ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ಕಾಯಿಲೆ ಇರುವವರು, ಗರ್ಭಿಣಿಯರು ಹಾಗೂ ರಕ್ತದೊತ್ತಡದ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳದೆ ಇದನ್ನು ಬಳಸಬಾರದು. ಮಕ್ಕಳಿಗೂ ಇದನ್ನು ನೀಡಬಾರದು.
ಇ) ಉಪ್ಪು ಕಡಿಮೆ ಮಾಡಿದ ಕಾರಣಕ್ಕೆ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬಾರದು.
ಈ) ವಾಂತಿ-ಭೇದಿಯಾದಾಗ ಉಪ್ಪಿನ ಅಂಶವಿದೆಯೆಂದು ಓ.ಆರ್.ಎಸ್. ದ್ರಾವಣವನ್ನು ನಿರಾಕರಿಸದೆ, ಕೂಡಲೇ ವೈದ್ಯರನ್ನು ಕಾಣತಕ್ಕದ್ದು.

8. ತಪಾಸಣಾ ಸೌಲಭ್ಯ

30 ವರ್ಷ ಮೇಲ್ಪಟ್ಟವರಿಗೆ ನಮ್ಮ ಕ್ಲಿನಿಕ್ ಹಾಗೂ ನಗರ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡ ಮತ್ತು ಮಧುಮೇಹದ ತಪಾಸಣೆಯನ್ನು ಉಚಿತವಾಗಿ ನಡೆಸಲಾಗುತ್ತದೆ. ಬರುವಾಗ ಹಿಂದಿನ ವೈದ್ಯರ ಚೀಟಿ, ಸೇವಿಸುತ್ತಿರುವ ಮಾತ್ರೆಗಳ ವಿವರ ತರುವುದು. ವಾರದಲ್ಲಿ ಎಷ್ಟು ಬಾರಿ ಹೊರಗೆ ಊಟ ಮಾಡುತ್ತೀರಿ ಎಂಬುದನ್ನು ವೈದ್ಯರಿಗೆ ತಿಳಿಸುವುದು ಸೂಕ್ತ. ಅಳತೆಯು 140/90 ಅಥವಾ ಅದಕ್ಕಿಂತ ಹೆಚ್ಚು ಬಂದಲ್ಲಿ ಗಾಬರಿಯಾಗದೆ, ವೈದ್ಯರು ಸೂಚಿಸಿದ ದಿನ ತಪ್ಪದೆ ಮರುತಪಾಸಣೆ ಮಾಡಿಸಿಕೊಳ್ಳತಕ್ಕದ್ದು.

ಸಾರ್ವಜನಿಕರು ಈ ಮಾಹಿತಿಯ ಸದುಪಯೋಗವನ್ನು ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.

ಶಾಖಾಧಿಕಾರಿ